ಡೇರೆ ತಿಂದ ಬೂಷ್ಟು

ಪ್ರಕರಣ

ಈ ಪ್ರಕರಣದ ಮೊದಲ ಸಾಕ್ಷಿ ಒಂದು ತುಂಡು ಡೇರೆ ಬಟ್ಟೆ.

1943ರ ನವೆಂಬರ್ 1ರಂದು ಅಮೆರಿಕದ ಪಡೆಗಳು ದಕ್ಷಿಣ ಪೆಸಿಫಿಕ್ ಸಾಗರದ ಬೂಗನ್‌ವಿಲ್ ದ್ವೀಪದಲ್ಲಿ ಇಳಿದವು. ಎದುರಿಗೆ ಜಪಾನಿನ ಸೈನ್ಯ, ಸುತ್ತ ದಟ್ಟ ಕಾಡು, ತಲೆಯ ಮೇಲೆ ಮಳೆ. ಇವುಗಳ ನಡುವೆ ಕೋವಿ ಹಿಡಿಯದ ಇನ್ನೊಬ್ಬ ಎದುರಾಳಿಯೂ ಅಲ್ಲಿದ್ದ. ಡೇರೆ, ಅಂಗಿ, ಮದ್ದುಗುಂಡಿನ ಪಟ್ಟಿ, ಹೊರೆ ಕಟ್ಟುವ ಪಟ್ಟೆ, ಹೀಗೆ ಹತ್ತಿಯಿಂದ ಮಾಡಿದ್ದು ಯಾವುದೇ ಇರಲಿ, ಆ ಸೆಖೆಯಲ್ಲೂ ತೇವದಲ್ಲೂ ಬಹುಬೇಗ ಕುಂಬಾಗುತ್ತಿತ್ತು. ಎಳೆದರೆ ಹರಿಯುತ್ತಿತ್ತು. ದೂರದ ಕಾರ್ಖಾನೆಯಿಂದ ಹಡಗೇರಿ ಬಂದ ಗಟ್ಟಿ ಕ್ಯಾನ್ವಾಸನ್ನು ಕಣ್ಣಿಗೆ ಕಾಣದ ಯಾವುದೋ ಬಾಯಿ ತಿನ್ನುತ್ತಿತ್ತು.

ಸೈನ್ಯಕ್ಕೆ ಬಟ್ಟೆಬರೆ, ಡೇರೆ, ಆಹಾರ ಒದಗಿಸುವ ಹೊಣೆ ಕ್ವಾರ್ಟರ್‌ಮಾಸ್ಟರ್ ವಿಭಾಗದ್ದು. ಕೊಳೆತ ಬಟ್ಟೆಯ ತುಂಡುಗಳು ಅದರ ಪ್ರಯೋಗಾಲಯಕ್ಕೆ ಬಂದವು. ಅವುಗಳ ಮೇಲಿದ್ದ ಬೂಷ್ಟನ್ನು ಒಂದೊಂದಾಗಿ ಬೇರ್ಪಡಿಸಿ, ಬೆಳೆಸಿ, ಸಾವಿರಾರು ಬಗೆಯ ಸಂಗ್ರಹ ಮಾಡಿದರು. ಬೂಗನ್‌ವಿಲ್‌ನ ಡೇರೆ ಬಟ್ಟೆಯಿಂದ ತೆಗೆದ ಒಂದು ಹಸಿರು ಬೂಷ್ಟಿಗೆ ವಿಭಾಗದ ಹೆಸರಿನ ಮೊದಲಕ್ಷರ ಸೇರಿಸಿ ‘ಕ್ಯೂಎಂ6ಎ’ ಎಂಬ ಗುರುತು ಕೊಟ್ಟರು. ಹತ್ತಿಯನ್ನು ಕರಗಿಸುವುದರಲ್ಲಿ ಅದು ಎಲ್ಲರಿಗಿಂತ ಮುಂದಿತ್ತು. ಅಪರಾಧಿ ಸಿಕ್ಕಿದ್ದ.

ಸಿಕ್ಕ ಅಪರಾಧಿಯನ್ನು ಏನು ಮಾಡಬೇಕು? ಸೈನ್ಯಕ್ಕೆ ಬೇಕಾಗಿದ್ದದ್ದು ಬಟ್ಟೆಯ ರಕ್ಷಣೆ, ಅದು ನ್ಯಾಯವೇ. ಬಟ್ಟೆಗೆ ತಾಮ್ರದ ಸಂಯುಕ್ತಗಳನ್ನು ಬಳಿದು ಬೂಷ್ಟು ಹತ್ತದ ಹಾಗೆ ಮಾಡುವ ದಾರಿ ಆಗಲೇ ಇತ್ತು. ಹತ್ತಿಯ ಜಾಗಕ್ಕೆ ನೈಲಾನ್ ಕೂಡ ಬರತೊಡಗಿತು. ಅಲ್ಲಿಗೆ ಕಡತ ಮುಚ್ಚಬಹುದಿತ್ತು. ಆದರೆ ಆ ಪ್ರಯೋಗಾಲಯದಲ್ಲಿದ್ದ ಎಲ್ವಿನ್ ರೀಸ್ ಮತ್ತು ಅವರ ಸಂಗಾತಿಗಳು ಇನ್ನೊಂದು ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರು. ಇದು ಹೇಗೆ ತಿನ್ನುತ್ತದೆ? ಬಾಯಿಲ್ಲ, ಹಲ್ಲಿಲ್ಲ, ಹೊಟ್ಟೆಯೂ ಇಲ್ಲ. ಆದರೂ ಸೈನಿಕನ ತೂಕ ತಡೆಯುವ ಪಟ್ಟೆಯನ್ನು ಇದು ಹೇಗೆ ಜೀರ್ಣಿಸಿಕೊಳ್ಳುತ್ತದೆ?

ಮುಂದೆ ನಡೆದದ್ದೆಲ್ಲ ಈ ‘ಹೇಗೆ’ಯ ಫಲ. ಇವತ್ತು ಜಗತ್ತಿನ ಕಾರ್ಖಾನೆಗಳಲ್ಲಿ ಹುಲ್ಲು, ನಾರು, ಹೊಟ್ಟುಗಳನ್ನು ಕರಗಿಸುವ ಕಿಣ್ವಗಳ ದೊಡ್ಡ ಪಾಲು ಬರುವುದು ಆ ಒಂದು ತುಂಡು ಡೇರೆ ಬಟ್ಟೆಯ ಮೇಲೆ ಸಿಕ್ಕ ಬೂಷ್ಟಿನ ಸಂತತಿಯಿಂದ. ಮೊದಲು ಅದನ್ನು ಟ್ರೈಕೋಡರ್ಮಾ ವಿರಿಡೆ ಎಂದು ತಿಳಿದಿದ್ದರು. ಅದು ಬೇರೆಯೇ ಪ್ರಭೇದವೆಂದು 1977ರಲ್ಲಿ ಎಮೊರಿ ಸಿಮನ್ಸ್ ತೋರಿಸಿ, ರೀಸ್ ಅವರ ಗೌರವಕ್ಕಾಗಿ ಟ್ರೈಕೋಡರ್ಮಾ ರೀಸೈ ಎಂದು ಹೆಸರಿಟ್ಟರು. ಶತ್ರುವೆಂದು ಹಿಡಿದು ತಂದದ್ದಕ್ಕೆ ಅದನ್ನು ಅರಿಯಲು ಕುಳಿತವನ ಹೆಸರೇ ಅಂಟಿಕೊಂಡಿತು.

ನಮ್ಮ ಮನೆ ಮಲೆನಾಡಿನದು. ಮಳೆಗಾಲ ಕಳೆದು ಟ್ರಂಕು ತೆಗೆದರೆ ಅಜ್ಜನ ಹತ್ತಿಯ ಪಂಚೆಯ ಮೇಲೆ ಕರಿ ಚುಕ್ಕಿಗಳು ಎದ್ದಿರುತ್ತಿದ್ದವು. “ಹಾಳು ಬೂಷ್ಟು, ಒಂದು ಬಟ್ಟೆಯನ್ನೂ ಉಳಿಸಲಿಲ್ಲ” ಎಂದು ಅಜ್ಜಿ ಪಂಚೆಯನ್ನು ಬಿಸಿಲಿಗೆ ಹಾಕುತ್ತಿದ್ದಳು. ಅದೇ ಮಧ್ಯಾಹ್ನ ಗೊಬ್ಬರದ ಗುಂಡಿಯ ಹತ್ತಿರ ಹೋಗಿ, ಕೊಟ್ಟಿಗೆಯಿಂದ ತೆಗೆದ ಸೊಪ್ಪು, ದರಗು, ಸಗಣಿಗಳ ರಾಶಿಯೊಳಗೆ ಕೈ ತೂರಿಸಿ, “ಕಾವು ಚೆನ್ನಾಗಿ ಬಂದಿದೆ” ಎಂದು ಸಮಾಧಾನ ಪಡುತ್ತಿದ್ದಳು. ಟ್ರಂಕಿನಲ್ಲಿ ನಡೆದದ್ದೂ ಗುಂಡಿಯಲ್ಲಿ ನಡೆದದ್ದೂ ಒಂದೇ ಬಗೆಯ ಕೆಲಸ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಎತ್ತಿ ನೋಡುವುದಕ್ಕೆ ಅದೇ ಕಾರಣ.

ಬಾಯಿಲ್ಲದ್ದು ತಿನ್ನುವ ಬಗೆ

ತೀರ್ಪಿಗೆ ಮೊದಲು ಕೃತ್ಯವನ್ನು ಸರಿಯಾಗಿ ತಿಳಿಯಬೇಕು.

ಗಿಡದ ಪ್ರತಿಯೊಂದು ಜೀವಕೋಶಕ್ಕೂ ಒಂದು ಗೋಡೆಯಿದೆ. ಅಡಿಕೆ ದಬ್ಬೆಯ ತಡಿಕೆಗೆ ಮಣ್ಣು ಮೆತ್ತಿದ ಹಳೆಯ ಗೋಡೆಯನ್ನು ನೆನೆದರೆ ಅದರ ರಚನೆ ತಿಳಿಯುತ್ತದೆ. ಸೆಲ್ಯುಲೋಸ್ ಎಂಬುದು ದಬ್ಬೆ. ಹೆಮಿಸೆಲ್ಯುಲೋಸ್ ದಬ್ಬೆಗಳನ್ನು ಬಿಗಿಯುವ ಬಳ್ಳಿ. ಪೆಕ್ಟಿನ್ ಒಂದು ಕೋಶವನ್ನು ಪಕ್ಕದ ಕೋಶಕ್ಕೆ ಹಿಡಿದಿಡುವ ಅಂಟು. ಬಲಿತ ಕಾಂಡದಲ್ಲಿ ಇವೆಲ್ಲದರ ಸಂದಿಗೆ ತುಂಬಿಕೊಳ್ಳುವ ಲಿಗ್ನಿನ್, ಒಣಗಿ ಕಲ್ಲಾದ ಮಣ್ಣು. ಹತ್ತಿಯ ನೂಲಿನಲ್ಲಿ ಇರುವುದು ಬಹುಮಟ್ಟಿಗೆ ದಬ್ಬೆ ಮಾತ್ರ.

ಈ ದಬ್ಬೆ ಸಕ್ಕರೆಯಿಂದಲೇ ಆದದ್ದು. ಗ್ಲೂಕೋಸ್ ಮಣಿಗಳ ಉದ್ದುದ್ದ ಸರಗಳು ಒತ್ತೊತ್ತಾಗಿ ಸೇರಿ ಹಗ್ಗದಂತೆ ಬಿಗಿದುಕೊಂಡಿರುತ್ತವೆ. ಅನ್ನದ ಪಿಷ್ಟವೂ ಗ್ಲೂಕೋಸ್ ಮಣಿಗಳದೇ, ಕೊಂಡಿ ಹಾಕಿದ ರೀತಿ ಮಾತ್ರ ಬೇರೆ. ಆ ಒಂದು ವ್ಯತ್ಯಾಸಕ್ಕೆ ಅನ್ನ ನಮಗೆ ಊಟವಾಯಿತು, ಭತ್ತದ ಹುಲ್ಲು ದನಕ್ಕೆ ಹೋಯಿತು. ದನಕ್ಕೂ ಸ್ವಂತ ಶಕ್ತಿಯಿಂದ ಹುಲ್ಲು ಅರಗುವುದಿಲ್ಲ. ಅದರ ಹೊಟ್ಟೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳು ಅರಗಿಸಿಕೊಡುತ್ತವೆ. ಯಾರೂ ಮುಟ್ಟದೆ, ಬರೀ ನೀರಿನಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ ಬಿಟ್ಟರೆ ಸೆಲ್ಯುಲೋಸಿನ ಕೊಂಡಿಗಳಲ್ಲಿ ಅರ್ಧದಷ್ಟು ತಾವಾಗಿ ಕಳಚಿಕೊಳ್ಳಲು ಸುಮಾರು 50 ಲಕ್ಷ ವರ್ಷ ಬೇಕೆಂಬುದು ರಸಾಯನ ವಿಜ್ಞಾನಿಗಳ ಲೆಕ್ಕ. ಅಷ್ಟು ಕಾಲದ ಕೆಲಸವನ್ನು ಬೂಷ್ಟು ಒಂದು ಮಳೆಗಾಲದಲ್ಲಿ ಮುಗಿಸುತ್ತದೆ.

ಮುಗಿಸುವುದು ಕಿಣ್ವಗಳ ಮೂಲಕ. ಸಸ್ಯದಿಂದ ಸೆಲ್ಯುಲೋಸನ್ನು ಬೇರ್ಪಡಿಸಿ 1838ರಲ್ಲಿ ಗುರುತಿಸಿದವರು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್. ಅದಕ್ಕೆ ಐದು ವರ್ಷ ಮೊದಲು, 1833ರಲ್ಲಿ, ಪರ್ಸೋಜ್ ಜೊತೆ ಸೇರಿ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟ ಕರಗಿಸುವ ವಸ್ತುವನ್ನು ತೆಗೆದು, ಮನುಷ್ಯ ಬೇರ್ಪಡಿಸಿದ ಮೊದಲ ಕಿಣ್ವವನ್ನು ತೋರಿಸಿದವರೂ ಅವರೇ. ಗೋಡೆಯನ್ನೂ ಗೋಡೆ ಒಡೆಯುವ ಬಗೆಯ ಉಪಕರಣವನ್ನೂ ಒಂದೇ ಕೈ ಮುಟ್ಟಿತ್ತು. ಎರಡರ ನಂಟು ಸರಿಯಾಗಿ ತಿಳಿಯಲು ಬಹಳ ಕಾಲ ಹಿಡಿಯಿತು.

1950ರಲ್ಲಿ ರೀಸ್, ರಾಲ್ಫ್ ಸಿಯು ಮತ್ತು ಹಿಲೆಲ್ ಲೆವಿನ್ಸನ್ ಒಂದು ಪ್ರಬಂಧ ಪ್ರಕಟಿಸಿದರು. ಸೆಲ್ಯುಲೋಸ್ ಕರಗುವುದು ಒಂದೇ ಕಿಣ್ವದ ಕೆಲಸವಾಗಿರಲಾರದು, ಮೊದಲು ಬಿಗಿ ಸಡಿಲಿಸುವುದು ಒಂದು, ಆಮೇಲೆ ಕತ್ತರಿಸುವುದು ಇನ್ನೊಂದು ಎಂಬುದು ಅವರ ವಾದ. ವಿವರಗಳು ಮುಂದೆ ಬದಲಾದವು, ಆದರೆ ‘ಒಬ್ಬರಿಂದಾಗದ ಕೆಲಸ’ ಎಂಬ ಮೂಲ ಮಾತು ಉಳಿಯಿತು. ಒಂದು ಕಿಣ್ವ ಸರದ ನಡುವೆ ಎಲ್ಲೆಂದರಲ್ಲಿ ಕಡಿದು ಹೊಸ ತುದಿಗಳನ್ನು ಮಾಡಿಕೊಡುತ್ತದೆ. ಇನ್ನೊಂದು ಆ ತುದಿಯನ್ನು ಹಿಡಿದು, ತನ್ನೊಳಗಿನ ಸುರಂಗಕ್ಕೆ ಸರವನ್ನು ತೂರಿಸಿಕೊಂಡು, ಎರಡೆರಡು ಮಣಿ ಕಳಚುತ್ತ ಮುಂದೆ ಸಾಗುತ್ತದೆ. ಮೂರನೆಯದು ಆ ಜೋಡಿ ಮಣಿಗಳನ್ನು ಬಿಡಿಸಿ ಗ್ಲೂಕೋಸ್ ಮಾಡುತ್ತದೆ. ಸುರಂಗದ ಕಿಣ್ವಗಳು ಸರದ ಮೇಲೆ ಸಾಗುವುದನ್ನು ಜಪಾನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ 2011ರಲ್ಲಿ ವರದಿ ಮಾಡಿದರು. ಮುಂದಿನದು ತಡೆದು ನಿಂತರೆ ಹಿಂದಿನವೂ ಸಾಲಾಗಿ ನಿಲ್ಲುತ್ತವೆ. ಒಂದರ ದಾರಿಯನ್ನು ಇನ್ನೊಂದು ಬಿಡಿಸಿಕೊಟ್ಟರೆ ಮಾತ್ರ ಕೆಲಸ ಸಾಗುತ್ತದೆ.

ಬೂಷ್ಟಿಗೆ ಕಣ್ಣಿಲ್ಲ. ಎದುರಿಗಿರುವುದು ಹತ್ತಿಯೋ ಕಲ್ಲೋ ಅದಕ್ಕೆ ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ದುಡಿದವರು ಮೇರಿ ಮ್ಯಾಂಡೆಲ್ಸ್. ಅವರೂ ರೀಸರೂ 1957ರಿಂದ ಪ್ರಕಟಿಸುತ್ತ ಬಂದ ಕೆಲಸದಿಂದ ತಿಳಿದದ್ದು ಇಷ್ಟು: ಬೂಷ್ಟು ಸದಾ ತುಸು ತುಸು ಕಿಣ್ವವನ್ನು ಹೊರಗೆ ಬಿಟ್ಟು ಕಾಯುತ್ತದೆ. ಅದರಿಂದ ಒಂದಿಷ್ಟು ಸೆಲ್ಯುಲೋಸ್ ಕರಗಿ ಹುಟ್ಟಿದ ಸಣ್ಣ ಸಕ್ಕರೆಯೇ ಸುದ್ದಿ ತರುತ್ತದೆ. ಸುದ್ದಿ ಬಂದ ಮೇಲೆ ಕಿಣ್ವದ ಮಳೆ. ಮುಂದಿನ ಮಾತೇ ನನಗೆ ಮುಖ್ಯ. ಗ್ಲೂಕೋಸ್ ಸಾಕಷ್ಟು ಸಿಕ್ಕಿತೆಂದರೆ ಬೂಷ್ಟು ಕಿಣ್ವ ಮಾಡುವುದನ್ನು ನಿಲ್ಲಿಸುತ್ತದೆ. ಹೊಟ್ಟೆಗಿದ್ದಾಗ ಒಡೆಯುವುದಿಲ್ಲ. ನಿಲ್ಲಿಸುವ ಆ ವ್ಯವಸ್ಥೆ ಅದರ ಜೀನ್‌ಗಳಲ್ಲೇ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬೂಷ್ಟಿಗೆ ‘ಸಾಕು’ ಎನ್ನಲು ಬರುತ್ತದೆ.

ಕಿತ್ತುಹಾಕಿದ ‘ಸಾಕು’

1973ರಲ್ಲಿ ಅರಬ್ ದೇಶಗಳು ತೈಲ ತಡೆದವು. ಪೆಟ್ರೋಲಿಗೆ ಬದಲಿ ಹುಡುಕುವ ಕಾಲ ಬಂತು. ಹುಲ್ಲು, ಕಾಗದದ ಕಸ, ಮರದ ಹೊಟ್ಟುಗಳಲ್ಲಿರುವ ಸಕ್ಕರೆಯನ್ನು ಬಿಡಿಸಿದರೆ ಅದನ್ನು ಹುಳಿಸಿ ಎಥನಾಲ್ ಮಾಡಬಹುದು. ಬಿಡಿಸಬಲ್ಲ ಬೂಷ್ಟು ಆಗಲೇ ಮ್ಯಾಸಚೂಸೆಟ್ಸ್‌ನ ನೇಟಿಕ್ ಎಂಬಲ್ಲಿ ಸೈನ್ಯದ ಪ್ರಯೋಗಾಲಯದಲ್ಲಿತ್ತು. ಯುದ್ಧದ ಕಾಲದ ವೈರಿಗೆ ಬೇಡಿಕೆ ಬಂತು.

ಆದರೆ ಕಾಡಿನ ಬೂಷ್ಟು ಬಿಡುವ ಕಿಣ್ವ ಕಾರ್ಖಾನೆಗೆ ಸಾಲದು. ಹೆಚ್ಚು ಬಿಡುವ ತಳಿ ಬೇಕು. ವಿಕಿರಣ ಹಾಯಿಸಿ, ಬದಲಾದವುಗಳಲ್ಲಿ ಹೆಚ್ಚು ದುಡಿಯುವುದನ್ನು ಆರಿಸುವ ಕೆಲಸ ಅಲ್ಲಿ ಮೊದಲೇ ಶುರುವಾಗಿತ್ತು, ಮ್ಯಾಂಡೆಲ್ಸ್ ಮತ್ತು ಸಂಗಡಿಗರು 1971ರಲ್ಲೇ ಒಂದು ಸುಧಾರಿತ ತಳಿ ಪ್ರಕಟಿಸಿದ್ದರು. ಬಳಿಕ ರಟ್ಗರ್ಸ್ ವಿಶ್ವವಿದ್ಯಾಲಯದ ಬ್ಲಾಂಡ್ ಮಾಂಟೆನೆಕೋರ್ಟ್ ಮತ್ತು ಡಗ್ಲಸ್ ಈವ್‌ಲೀ, ಗ್ಲೂಕೋಸಿನಂಥ ಸುಲಭದ ಆಹಾರ ಇದ್ದಾಗಲೂ ಕಿಣ್ವ ಬಿಡುವುದನ್ನು ನಿಲ್ಲಿಸದ ಬೂಷ್ಟನ್ನೇ ಹುಡುಕಿದರು. ಮೂರು ಹಂತದ ಬದಲಾವಣೆಯ ಕೊನೆಗೆ ಸಿಕ್ಕ ತಳಿಯ ಹೆಸರು ರಟ್-ಸಿ30. 1979ರಲ್ಲಿ ಪ್ರಕಟವಾದ ಈ ತಳಿಯೂ ಇದರ ಸಂತತಿಯೂ ಇಂದಿಗೂ ಕಿಣ್ವೋದ್ಯಮದ ಬುನಾದಿ.

ಅದರೊಳಗೆ ಏನಾಗಿತ್ತು? 1996ರಲ್ಲಿ ಗೊತ್ತಾಯಿತು. ‘ಸಾಕು’ ಎನ್ನುವ ಜೀನ್ ಮೊಟಕಾಗಿತ್ತು. ಅದರ ತಲೆಭಾಗ ಉಳಿದು ಬಹುಪಾಲು ಕಡಿದುಹೋಗಿತ್ತು. ಜೀನೋಮ್‌ನ, ಅಂದರೆ ಜೀನ್‌ಗಳ ಇಡೀ ಸಂಗ್ರಹದ, ಇನ್ನೊಂದು ದೊಡ್ಡ ತುಂಡೂ 29 ಜೀನ್‌ಗಳ ಸಮೇತ ಕಳೆದುಹೋಗಿದೆ ಎಂದು 2008ರಲ್ಲಿ ತಿಳಿಯಿತು. ಅದೇ ವರ್ಷ ಕ್ಯೂಎಂ6ಎಯ ಪೂರ್ತಿ ಜೀನೋಮ್ ಓದಿದವರಿಗೆ ಮತ್ತೊಂದು ಅಚ್ಚರಿ ಕಾದಿತ್ತು. ಸಸ್ಯದ ಗೋಡೆ ಒಡೆಯುವ ಇತರ ಬೂಷ್ಟುಗಳಿಗಿಂತ ಇದರಲ್ಲಿ ಒಡೆಯುವ ಕಿಣ್ವಗಳ ಜೀನ್‌ಗಳು ಕಡಿಮೆ. ಆಯುಧಗಳ ಸಂಖ್ಯೆಯಲ್ಲಿ ಇದು ಬಡವ, ಇರುವಷ್ಟನ್ನು ಬಳಸುವುದರಲ್ಲಿ ಸಮರ್ಥ.

ಹೀಗೆ ತಯಾರಾದ ಬೂಷ್ಟಿನ ಕಿಣ್ವಗಳು ಎಲ್ಲೆಲ್ಲಿ ದುಡಿಯುತ್ತಿವೆ ಎಂದು ನೋಡಿದರೆ ನಮ್ಮ ದಿನದ ಬದುಕೇ ಕಾಣುತ್ತದೆ. ಕೋಳಿಯ ಆಹಾರಕ್ಕೆ ಸೇರಿಸಿದರೆ ಬಾರ್ಲಿ, ಗೋಧಿಗಳ ಅಂಟು ನಾರು ಕರಗಿ ಕಾಳಿನ ಸತ್ವ ಕೋಳಿಗೆ ದಕ್ಕುತ್ತದೆ. ಕಾಗದದ ತಿರುಳಿಗೆ ಹೆಮಿಸೆಲ್ಯುಲೋಸ್ ಕರಗಿಸುವ ಕಿಣ್ವ ಬೆರೆಸಿದರೆ ಬಿಳುಪು ಬರಿಸಲು ಬೇಕಾಗುವ ಕ್ಲೋರೀನ್ ಇಳಿಯುತ್ತದೆ, ಹೊಳೆಗೆ ಸೇರುವ ವಿಷವೂ ಅಷ್ಟು ಕಡಿಮೆ. ಬ್ರೆಡ್ಡಿನ ಹಿಟ್ಟಿಗೆ ಚಿಟಿಕೆ ಬಿದ್ದರೆ ಬ್ರೆಡ್ಡು ಉಬ್ಬಿ ಮೆತ್ತಗಾಗುತ್ತದೆ, ಹೆಚ್ಚಾದರೆ ಹಿಟ್ಟು ಕೈಗೆ ಅಂಟುತ್ತದೆ. ಸೇಬಿನ ರಸ ತಿಳಿಯಾಗುವುದು ಪೆಕ್ಟಿನ್ ಕರಗಿಸುವ ಕಿಣ್ವದಿಂದ. ಅದನ್ನು ಕೊಡುವುದು ಮುಖ್ಯವಾಗಿ ಬೇರೊಂದು ಬೂಷ್ಟು, ಆಸ್ಪರ್‌ಜಿಲಸ್. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್ 10ರಂದು ಉದ್ಘಾಟನೆಯಾದ ಇಂಡಿಯನ್ ಆಯಿಲ್ ಘಟಕ, ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಗುರಿಯಿಂದ ಕಟ್ಟಿದ್ದು. ಗದ್ದೆಯಲ್ಲಿ ಸುಟ್ಟು ಊರಿಗೆಲ್ಲ ಉಸಿರು ಕಟ್ಟಿಸುತ್ತಿದ್ದ ಹುಲ್ಲಿಗೆ ಅಲ್ಲೊಂದು ಬೇರೆ ದಾರಿ ತೆರೆದಿದೆ.

ಇನ್ನೊಂದು ಬಳಕೆಯನ್ನು ಬಿಡಿಸಿ ಹೇಳಬೇಕು. ಜೀನ್ಸ್ ಬಟ್ಟೆಯ ನೂಲಿಗೆ ನೀಲಿ ಬಣ್ಣ ಹತ್ತುವುದು ಹೊರಮೈಗೆ ಮಾತ್ರ, ಒಳಗೆ ನೂಲು ಬಿಳಿಯಾಗಿಯೇ ಇರುತ್ತದೆ. ಉಟ್ಟು ಸವೆದ ಹಾಗೆ ಕಾಣಲೆಂದು ಮೊದಲು ಹೊಸ ಪ್ಯಾಂಟುಗಳನ್ನು ಪ್ಯೂಮಿಸ್ ಎಂಬ ಹಗುರ ಕಲ್ಲುಗಳ ಜೊತೆ ಯಂತ್ರದಲ್ಲಿ ಹೊರಳಿಸುತ್ತಿದ್ದರು. ಕಲ್ಲು ಪುಡಿಯಾಗಿ ಕೆಸರಾಗುತ್ತಿತ್ತು, ಯಂತ್ರವೂ ಬಟ್ಟೆಯೂ ಹಾಳಾಗುತ್ತಿದ್ದವು. 1980ರ ದಶಕದ ಕೊನೆಯಿಂದ ಆ ಕಲ್ಲಿನ ಜಾಗಕ್ಕೆ ಸೆಲ್ಯುಲೋಸ್ ಕರಗಿಸುವ ಕಿಣ್ವ ಬಂತು. ಹತ್ತಿಯ ಹೊರಪದರವನ್ನು ಅದು ತುಸುವೇ ಮೆಲ್ಲುತ್ತದೆ, ಬಣ್ಣ ಅದರ ಜೊತೆ ಕಳಚಿ ಬರುತ್ತದೆ. ಜೀನ್ಸ್ ಹೊಲಿಗೆಗೆ ಹೆಸರಾದ ನಮ್ಮ ಬಳ್ಳಾರಿಯಂಥ ಊರಿನ ಹೊಟ್ಟೆಪಾಡಿಗೂ ಈ ತೊಳೆತದ ಕಸುಬಿಗೂ ನಂಟಿದೆ. ಯಾವ ಕೆಲಸಕ್ಕಾಗಿ ಬೂಷ್ಟು ಒಮ್ಮೆ ಅಪರಾಧಿಯಾಗಿತ್ತೋ, ಹತ್ತಿ ಬಟ್ಟೆಯನ್ನು ಸವೆಸುವ ಅದೇ ಕೆಲಸಕ್ಕೆ ಅದನ್ನು ಈಗ ಕೂಲಿಗೆ ಕರೆದಿದ್ದೇವೆ.

ವಿಚಾರ

ಈ ಪ್ರಕರಣದಲ್ಲಿ ಮೊದಲು ತೂಗಬೇಕಾದದ್ದು ಬೂಷ್ಟಿನ ಅಪರಾಧವನ್ನು. ಅದು ಬೂಗನ್‌ವಿಲ್‌ನ ಕಾಡಿನಲ್ಲಿ ಮಾಡುತ್ತಿದ್ದ ಕೆಲಸ ಏನು? ಬಿದ್ದ ಎಲೆ, ಮುರಿದ ಕೊಂಬೆ, ಸತ್ತ ಮರಗಳನ್ನು ಬಿಡಿಸಿ ಮಣ್ಣಿಗೆ ಹಿಂತಿರುಗಿಸುವುದು. ಅದು ನಿಂತರೆ ಕಾಡು ತನ್ನ ಕಸದಲ್ಲೇ ಹೂತುಹೋಗುತ್ತದೆ, ಹೊಸ ಚಿಗುರಿಗೆ ಆಹಾರವಿರುವುದಿಲ್ಲ. ಸೈನ್ಯ ಆ ಕಾಡಿನೊಳಗೆ ಹತ್ತಿ ಹರಡಿತು. ಬೂಷ್ಟಿಗೆ ಅದೂ ಉದುರಿದ ಎಲೆಯಂತೆಯೇ. ಒಡೆಯುವ ಶಕ್ತಿಗೆ ತನ್ನದೇ ಆದ ಪಾಪಪುಣ್ಯವಿಲ್ಲ. ಅದು ಯಾವ ಜಾಗದಲ್ಲಿ, ಎಷ್ಟು ಹೊತ್ತು, ಯಾರ ಕೈಯಲ್ಲಿ ನಡೆಯಿತು ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ.

ಹಾಗೆಂದು ಯಾವ ಕೊಳೆತವನ್ನೂ ತಡೆಯಬಾರದೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಂದು, ಬೆಳಿಗ್ಗೆ ಎದ್ದರೆ ಮರದ ಬುಡದ ತುಂಬ ಕಾಯಿ ಉದುರಿರುವುದನ್ನು ಕಂಡವರಿಗೆ ಆ ಮಾತು ಹೇಳಲಾಗದು. ಅಲ್ಲೂ ರೋಗಾಣು ಕಾಯಿಯ ಕೋಶಗಳ ಗೋಡೆಯನ್ನು ಕಿಣ್ವಗಳಿಂದ ಕರಗಿಸಿಕೊಂಡೇ ಒಳಗೆ ನುಗ್ಗುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಕೂತು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಗೊನೆಗೆ ಹೊಡೆಯುವ ಪದ್ಧತಿ ಆ ಕೆಲಸದಿಂದ ನಮ್ಮ ತೋಟಗಳಲ್ಲಿ ನೆಲೆಯೂರಿತು. ರೀಸ್ ಅರಿತದ್ದು ದುಡಿಸಿಕೊಳ್ಳುವ ದಾರಿಗೆ ಕೊಂಡೊಯ್ಯಿತು, ಕೋಲ್ಮನ್ ಅರಿತದ್ದು ತಡೆಯುವ ದಾರಿಗೆ. ಎರಡರಲ್ಲೂ ಅರಿವು ಮುಂದೆ ನಡೆದಿತ್ತು, ಶಿಕ್ಷೆಯೋ ಸ್ನೇಹವೋ ಹಿಂದಿನಿಂದ ಬಂತು. ಅರಿಯದೆ ಕೊಂದರೆ ಎಷ್ಟು ನಷ್ಟವಾಯಿತು ಎಂಬುದು ಕೂಡ ನಮಗೆ ತಿಳಿಯುವುದಿಲ್ಲ. ಕ್ಯೂಎಂ6ಎಯನ್ನು ತಾಮ್ರದಿಂದ ಕೊಂದು ಕೈತೊಳೆದುಕೊಂಡಿದ್ದರೆ ಯಾರೂ ದೂರುತ್ತಿರಲಿಲ್ಲ. ಕಳೆದುಕೊಂಡದ್ದರ ಹೆಸರೇ ಯಾರಿಗೂ ಗೊತ್ತಿರುತ್ತಿರಲಿಲ್ಲ.

1950ರ ಪ್ರಬಂಧದ ಮೂವರಲ್ಲಿ ಒಬ್ಬರಾದ ರಾಲ್ಫ್ ಸಿಯು ಮುಂದೆ, 1957ರಲ್ಲಿ, ವಿಜ್ಞಾನವನ್ನು ಪೂರ್ವದೇಶಗಳ ವಿವೇಕದ ಜೊತೆಗಿಟ್ಟು ನೋಡುವ ‘ದ ತಾವೊ ಆಫ್ ಸೈನ್ಸ್’ ಎಂಬ ಪುಸ್ತಕ ಬರೆದರು. ಕೊಳೆಯುವುದನ್ನು ವರ್ಷಗಟ್ಟಲೆ ತಾಳ್ಮೆಯಿಂದ ನೋಡಿದವರ ಮನಸ್ಸು ಆ ಕಡೆಗೆ ಹೊರಳಿದ್ದು ನನಗೆ ಸಹಜವೆನಿಸುತ್ತದೆ.

ಇನ್ನು ಎರಡನೆಯ ವಿಚಾರ. ಬೂಷ್ಟಿನಿಂದ ‘ಸಾಕು’ ಕಿತ್ತದ್ದು ತಪ್ಪೇ? ಬಹಳ ದಿನ ನಾನು ಹೌದೆಂದೇ ತಿಳಿದಿದ್ದೆ. ತೃಪ್ತಿ ಗೊತ್ತಿದ್ದ ಜೀವಿಯನ್ನು ತೃಪ್ತಿ ಗೊತ್ತಿಲ್ಲದ್ದನ್ನಾಗಿ ಮಾಡಿದೆವಲ್ಲ, ನಮ್ಮ ದುರಾಸೆಯನ್ನು ಅದರ ಜೀನಿಗೂ ದಾಟಿಸಿದೆವಲ್ಲ ಎಂದು ಮನಸ್ಸು ಕುಟುಕುತ್ತಿತ್ತು. ಆ ಅಭಿಪ್ರಾಯವನ್ನು ತಿದ್ದಿದ್ದು ಒಂದು ಕಾಫಿ ಕಣ.

ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜದ ಸುತ್ತ ಲೋಳೆ ಉಳಿಯುತ್ತದೆ. ಅದರಲ್ಲಿ ಪೆಕ್ಟಿನ್ ಇದೆ. ತೊಟ್ಟಿಯಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳ ಕಿಣ್ವಗಳು ಅದನ್ನು ಕರಗಿಸುತ್ತವೆ. ಎಷ್ಟು ಹೊತ್ತು ಬಿಡಬೇಕು? ಚಳಿ, ಸೆಖೆ, ಹಣ್ಣು ನೋಡಿ ಅದು ಬದಲಾಗುತ್ತದೆ. ಚಿಕ್ಕಮಗಳೂರಿನ ಕಡೆಯ ತೋಟವೊಂದರಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ತೊಟ್ಟಿಗೆ ಕೈ ಹಾಕಿ ಹಿಡಿ ಬೀಜ ಎತ್ತಿ, ಕಿವಿಯ ಹತ್ತಿರ ತಂದು ಉಜ್ಜಿದರು. ಮೊದಲ ಸಲ ಜಾರಿತು. ಎರಡು ಗಂಟೆ ಬಿಟ್ಟು ಮತ್ತೆ ಉಜ್ಜಿದಾಗ ನುರುಜುಗಲ್ಲು ತಿಕ್ಕಿದ ಹಾಗೆ ಕರಕರ ಸದ್ದು ಬಂತು. “ಆಯ್ತು, ನೀರು ಬಿಡ್ರಪ್ಪ” ಎಂದರು. ನಾನು ಕೇಳಿದೆ, “ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಏನಾಗುತ್ತದೆ?” “ನಾತ ಹಿಡೀತದೆ ಸ್ವಾಮಿ. ಆ ಒಂದು ಬೀಜ ಹತ್ತು ಲೋಟ ಕಾಫಿ ಕೆಡಿಸ್ತದೆ.”

ತೊಟ್ಟಿಯಲ್ಲಿರುವ ಕಿಣ್ವಕ್ಕೆ ಬೀಜದ ರುಚಿಯ ಚಿಂತೆಯಿಲ್ಲ. ಅಲ್ಲಿ ‘ಸಾಕು’ ಇದ್ದದ್ದು ಆ ಮೇಸ್ತ್ರಿಯ ಬೆರಳಲ್ಲಿ. ಆಗ ನನಗೆ ಹೊಳೆಯಿತು, ರಟ್-ಸಿ30ರಿಂದ ಕಿತ್ತ ‘ಸಾಕು’ ಎಲ್ಲಿಗೂ ಹೋಗಿಲ್ಲ, ಅದು ಮನುಷ್ಯನ ಕೈಗೆ ಬಂದಿದೆ. ಜೀವಿಯೊಂದರ ತಡೆಯನ್ನು ತೆಗೆದವನು ಆ ತಡೆಯನ್ನು ತಾನು ಹೊರಬೇಕು. ಇದು ಸಾಲವಿದ್ದ ಹಾಗೆ. ಜೀನ್ಸ್ ತೊಳೆಯುವ ಒಳ್ಳೆಯ ಕೆಲಸಗಾರನಿಗೆ ಇದು ಗೊತ್ತು. ಬಣ್ಣ ಹದಕ್ಕೆ ಬಂದ ಕೂಡಲೇ ಅವನು ಬಿಸಿನೀರನ್ನೋ ಸೋಡಾವನ್ನೋ ಹಾಕಿ ಕಿಣ್ವದ ಕೆಲಸವನ್ನು ಕೊಲ್ಲುತ್ತಾನೆ. ಮರೆತರೆ ಬಟ್ಟೆ ಒಳಗೊಳಗೇ ಸೊರಗುತ್ತ ಹೋಗುತ್ತದೆ. ಬೇಕರಿಯವನಿಗೆ ಗೊತ್ತು, ಚಿಟಿಕೆಗಿಂತ ಹೆಚ್ಚು ಹಾಕಬಾರದು. ಕೈಕೆಲಸದವರು ಹದ ಎಂದು ಕರೆಯುವುದು ಇದನ್ನೇ.

ನನ್ನ ಆತಂಕ ಇರುವುದು ಹದ ನೋಡುವ ಬೆರಳಿಲ್ಲದ ಕಡೆ. ಜೀನ್ಸಿನ ಬಟ್ಟೆಗೆ ಹದ ಕೆಲಸಗಾರ ನೋಡುತ್ತಾನೆ, ಆದರೆ ಹೊಸ ಬಟ್ಟೆಯನ್ನು ಹಳತು ಮಾಡಿ ಕೊಳ್ಳುವ ನಮ್ಮ ಆಸೆಗೆ ಹದ ನೋಡುವವರು ಯಾರು? ನಾಲ್ಕು ವರ್ಷ ಉಟ್ಟು ದುಡಿದು ಬರಬೇಕಾದ ಸವೆತವನ್ನು ನಾವು ಅಂಗಡಿಯಲ್ಲೇ ಕೊಂಡು ತರುತ್ತೇವೆ, ಆ ಬಟ್ಟೆ ಅಷ್ಟು ಬೇಗ ಹರಿದರೆ ಇನ್ನೊಂದು ತರುತ್ತೇವೆ. ಕಲ್ಲಿಗಿಂತ ಕಿಣ್ವ ಮೇಲು, ಸಂಶಯವಿಲ್ಲ. ಆದರೆ ಒಂದು ಕೆಡುಕನ್ನು ಕಡಿಮೆ ಕೆಡುಕಿನ ರೀತಿಯಲ್ಲಿ ಮಾಡಲು ಕಲಿತೆವೆಂದು ಅದನ್ನು ಮಾಡುತ್ತಲೇ ಇರಬೇಕಾಗಿಲ್ಲ.

ಹುಲ್ಲಿನ ವಿಷಯ ಇದಕ್ಕಿಂತ ಭಾರವಾದದ್ದು. ಪಂಜಾಬ್, ಹರಿಯಾಣಗಳ ಹುಲ್ಲಿನ ಹೊಗೆಯನ್ನು ಎಲ್ಲರೂ ಬಲ್ಲರು. ನಮ್ಮ ಮಂಡ್ಯ, ಬೆಳಗಾವಿ ಕಡೆಯ ಕಬ್ಬಿನ ಗದ್ದೆಗಳಲ್ಲೂ ಕಟಾವು ಮುಗಿದ ಮೇಲೆ ರವದಿಗೆ ಬೆಂಕಿ ಬೀಳುವುದುಂಟು. ಬೆಂಕಿಗೆ ಹೋಗುವುದನ್ನು ಕಿಣ್ವಕ್ಕೆ ಕೊಟ್ಟು ಇಂಧನ ಪಡೆಯುವುದು ಒಳ್ಳೆಯದೆಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹುಲ್ಲಿಗೂ ರವದಿಗೂ ಕಾರ್ಖಾನೆಗಿಂತ ಹಳೆಯ ಹಕ್ಕುದಾರರಿದ್ದಾರೆ. ಒಬ್ಬರು ಕೊಟ್ಟಿಗೆಯ ದನ, ಇನ್ನೊಬ್ಬರು ಗದ್ದೆಯ ಮಣ್ಣು. ರವದಿಯನ್ನು ಸಾಲಿನಲ್ಲೇ ಮುಚ್ಚಿಗೆಯಾಗಿ ಬಿಟ್ಟ ರೈತನ ನೆಲದಲ್ಲಿ ತೇವ ನಿಲ್ಲುತ್ತದೆ, ಎರೆಹುಳ ಬರುತ್ತದೆ. ಅಲ್ಲಿ ಅದನ್ನು ಕರಗಿಸುವುದು ಯಾರೂ ಹಣ ಕೊಡದ ಬೂಷ್ಟು, ‘ಸಾಕು’ ಗೊತ್ತಿರುವ ಬೂಷ್ಟು. ಕಾರ್ಖಾನೆಯ ತೊಟ್ಟಿಯಲ್ಲಿರುವ ತಳಿ ಎಷ್ಟು ಹುಲ್ಲು ಕೊಟ್ಟರೂ ಕರಗಿಸುತ್ತದೆ, ಬೇಡವೆನ್ನುವುದಿಲ್ಲ. ಎಷ್ಟನ್ನು ಗದ್ದೆಯಲ್ಲೇ ಬಿಡಬೇಕು ಎಂಬ ಲೆಕ್ಕವನ್ನು ಅದರ ಪರವಾಗಿ ನಾವೇ ಹಾಕಬೇಕು. ಕಿಣ್ವದ ದಕ್ಷತೆಯ ಲೆಕ್ಕ ಹಾಕಿದಷ್ಟೇ ಶ್ರದ್ಧೆಯಿಂದ ಇದನ್ನೂ ಹಾಕದಿದ್ದರೆ, ಸೈನ್ಯದ ಡೇರೆಗೆ ಬಂದ ಗತಿ ನಮ್ಮ ಹೊಲದ ಮಣ್ಣಿಗೆ ಬರುತ್ತದೆ. ಆ ಸಲ ಬೂಷ್ಟನ್ನು ಅಪರಾಧಿ ಎನ್ನ‌ಲಾಗದು.

ಈಗ ನಮ್ಮ ಮನೆಯ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬರದಿರಲೆಂದು ಮಳೆಗೆ ಮುಂಚೆ ಟ್ರೈಕೋಡರ್ಮಾ ಪುಡಿ ತರುತ್ತೇವೆ. ಡೇರೆ ತಿಂದ ಬೂಷ್ಟಿನ ದಾಯಾದಿ ಅದು. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ, ನೆರಳಲ್ಲಿ ತೇವ ಆರದ ಹಾಗೆ ಗೋಣಿ ಮುಚ್ಚಿ ಇಡುತ್ತೇವೆ. ಕೆಲವು ದಿನಕ್ಕೆ ರಾಶಿಯ ಮೇಲೆ ಹಸಿರು ಮೂಡುತ್ತದೆ. ಪ್ರತಿ ಸಲ ಗೋಣಿ ಎತ್ತಿದಾಗಲೂ ನನಗೆ ಅಜ್ಜಿಯ ಗೊಬ್ಬರದ ಗುಂಡಿ ನೆನಪಾಗುತ್ತದೆ.

ಒಂದು ವರ್ಷ ಆಳುಗಳು ಸಿಗದೆ ಗುಂಡಿ ಖಾಲಿ ಮಾಡುವುದು ತಡವಾಗಿತ್ತು. ಇನ್ನೂ ಒಂದು ತಿಂಗಳು ಇರಲಿ, ಚೆನ್ನಾಗಿ ಕೊಳೆಯಲಿ ಎಂದು ಅಪ್ಪ ಹೇಳಿದ್ದಕ್ಕೆ ಅಜ್ಜಿ ಒಪ್ಪಲಿಲ್ಲ. ಗುಂಡಿಯ ಅಂಚಿಗೆ ಕುಳಿತು, ಒಳಗೆ ಕೈ ತೂರಿಸಿ, ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದಳು. ಕಾವು ಇಳಿದಿತ್ತು. ಎಲೆಯ ಗುರುತು ಹೋಗಿತ್ತು, ನರಗಳು ಅಲ್ಲಲ್ಲಿ ಉಳಿದಿದ್ದವು.

“ಇಷ್ಟು ಸಾಕು ಮಗಾ” ಎಂದಳು. “ಉಳಿದದ್ದು ಮಣ್ಣಿನ ಪಾಲು. ಅದನ್ನು ಮಣ್ಣೇ ತಿನ್ನಲಿ.”